ಟರ್ಬೊ ಪೆಟ್ರೋಲ್ ಎಂಜಿನ್‌ಗೆ ನಾಕಿಂಗ್ ಕಾಟ: ಇಂಧನ, ಇಂಟರ್‌ಕೂಲರ್, ನೀರು, ಮ್ಯಾಪ್ – ಯಾರಿಗೆ ಯಾವುದು?

ರೀಮ್ಯಾಪ್ ಮಾಡಿಸಿದ, ಅಂದರೆ ಹೆಚ್ಚು ಶಕ್ತಿಗೆಂದು ಎಂಜಿನ್ ಕಂಪ್ಯೂಟರ್‌ನ ಲೆಕ್ಕಪಟ್ಟಿ (ಮ್ಯಾಪ್) ಬದಲಿಸಿದ ಟರ್ಬೊ ಕಾರಿನ ಎಂಜಿನ್ ಕೆಟ್ಟು ಹೆಡ್ (ಸಿಲಿಂಡರ್‌ಗಳ ಮೇಲ್ಮುಚ್ಚಳ) ಬಿಚ್ಚಿದಾಗ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಗುರುತುಗಳಿವೆ. ಪಿಸ್ಟನ್‌ನ ಮೊದಲ ಮತ್ತು ಎರಡನೇ ರಿಂಗ್ ನಡುವಿನ ಪಟ್ಟಿ ತುಂಡಾಗಿರುತ್ತದೆ. ಪಿಸ್ಟನ್ ತಲೆಯ ಅಂಚು ಮರಳಿನಲ್ಲಿ ಉಜ್ಜಿದ ಹಾಗೆ ಒರಟಾಗಿರುತ್ತದೆ. ಪ್ಲಗ್‌ನ ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೆಣಸಿನ ಪುಡಿ ಉದುರಿಸಿದಂತೆ ಕಪ್ಪು ಚುಕ್ಕೆಗಳು, ಅವುಗಳ ನಡುವೆ ಮಿನುಗುವ ಸಣ್ಣ ಗುಂಡುಗಳು. ಆ ಮಿನುಗು ಪಿಸ್ಟನ್‌ನಿಂದ ಕರಗಿ ಬಂದ ಅಲ್ಯೂಮಿನಿಯಂ.

ಇದು ನಾಕಿಂಗ್‌ನ ಕೆಲಸ. ಕಿಡಿ ಹೊತ್ತಿದ ಮೇಲೆ ಬೆಂಕಿ ಪ್ಲಗ್‌ನಿಂದ ಗೋಡೆಯ ಕಡೆಗೆ ಹರಡುತ್ತಾ ಹೋಗಬೇಕು. ಅದು ಮೂಲೆ ಮುಟ್ಟುವ ಮೊದಲೇ, ಅಲ್ಲಿ ಒತ್ತಿ ಬಿಸಿಯಾದ ಉಳಿದ ಮಿಶ್ರಣ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆಗಳು ಸಿಲಿಂಡರ್ ಒಳಗೆ ಅತ್ತಿಂದಿತ್ತ ಬಡಿಯುತ್ತವೆ. 82.5 ಮಿ.ಮೀ. ಬೋರ್ (ಸಿಲಿಂಡರ್‌ನ ವ್ಯಾಸ) ಇರುವ ಫೋಕ್ಸ್‌ವ್ಯಾಗನ್ ಗುಂಪಿನ 2.0 ಟಿಎಸ್‌ಐನಂಥ ಎಂಜಿನ್‌ನಲ್ಲಿ ಈ ಬಡಿತ ಸೆಕೆಂಡಿಗೆ ಸುಮಾರು 7,000 ಸಲ. ಲೋಹದ ಮೇಲೆ ಕಂಬಳಿಯಂತೆ ಹೊದ್ದಿರುವ ತೆಳು ಅನಿಲದ ಪದರವನ್ನು ಈ ಅಲೆಗಳು ಕಿತ್ತುಹಾಕುತ್ತವೆ. ಆಮೇಲೆ ಉರಿಯ ಬಿಸಿ ನೇರವಾಗಿ ಪಿಸ್ಟನ್‌ಗೆ ಇಳಿಯುತ್ತದೆ.

ಪ್ರಿ-ಇಗ್ನಿಷನ್ ಬೇರೆ ಕಾಯಿಲೆ. ಅಲ್ಲಿ ಕಿಡಿ ಬರುವ ಮೊದಲೇ ಕೆಂಡವಾದ ಪ್ಲಗ್ ತುದಿಯೋ, ಇಂಗಾಲದ ಹರಳೋ, ಎಣ್ಣೆಯ ಹನಿಯೋ ಮಿಶ್ರಣವನ್ನು ಹೊತ್ತಿಸಿಬಿಡುತ್ತದೆ. ಹೊತ್ತಿಸಿದ್ದು ಕಿಡಿ ಅಲ್ಲವಾದ್ದರಿಂದ ಇಸಿಯು (ಎಂಜಿನ್ ಕಂಪ್ಯೂಟರ್) ಟೈಮಿಂಗ್ ಎಷ್ಟು ಹಿಂದಕ್ಕೆ ಎಳೆದರೂ, ಅಂದರೆ ಕಿಡಿಯನ್ನು ಎಷ್ಟು ತಡಮಾಡಿದರೂ ಅದು ನಿಲ್ಲುವುದಿಲ್ಲ. ಪಿಸ್ಟನ್ ನಡುಮಧ್ಯೆ ತೂತು ಬಿದ್ದಿದ್ದರೆ ಅನುಮಾನ ಇದರ ಮೇಲೆ.

ನಾಕಿಂಗ್ ತಡೆಯಲು ಮಾರುಕಟ್ಟೆಯಲ್ಲಿ ದಾರಿಗಳು ಬೇಕಾದಷ್ಟಿವೆ. ಯಾವುದರಿಂದ ಎಷ್ಟು ಅಶ್ವಶಕ್ತಿ ಸಿಗುತ್ತದೆ ಎಂದು ಹೋಲಿಸುವವರೇ ಹೆಚ್ಚು. ನಾವು ಕೇಳುವ ಪ್ರಶ್ನೆ ಬೇರೆ: ಈ ರಕ್ಷಣೆ ಕೈಕೊಟ್ಟ ಕ್ಷಣದಲ್ಲಿ ಎಂಜಿನ್‌ಗೆ ಏನಾಗುತ್ತದೆ? ಟರ್ಬೊ ಒತ್ತಿ ಕಾಯಿಸಿದ ಗಾಳಿಯನ್ನು ತಣಿಸುವ ದೊಡ್ಡ ಇಂಟರ್‌ಕೂಲರ್ ರಾತ್ರೋರಾತ್ರಿ ಕೈಕೊಡುವುದಿಲ್ಲ. ಆ ಗಾಳಿಗೆ ನೀರು ಚಿಮ್ಮಿಸುವ ಪಂಪ್ ಕೈಕೊಡುತ್ತದೆ, ಅದೂ ಸದ್ದಿಲ್ಲದೆ. ಕೆಳಗಿನ ಹೋಲಿಕೆಯೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ದುಡ್ಡು ಹಾಕುವ ಮೊದಲು ಲಾಗ್ ತೆಗೆಯಿರಿ

ನಾಕಿಂಗ್ ಕಿವಿಗೆ ಕೇಳಿಸುವ ಹೊತ್ತಿಗೆ ಸಾಕಷ್ಟು ಹಾನಿ ಆಗಿರಬಹುದು. ಸೈಲೆನ್ಸರ್ ಗದ್ದಲದಲ್ಲಿ ಕೇಳಿಸದೆಯೂ ಇರಬಹುದು. ಒಬಿಡಿ ಲಾಗರ್ (ಇಸಿಯುನ ಅಂಕಿಗಳನ್ನು ದಾಖಲಿಸುವ ಸಾಧನ) ಹಾಕಿ, ಡೈನೊ (ಶಕ್ತಿ ಅಳೆಯುವ ಯಂತ್ರ) ಮೇಲೋ ಟ್ರ್ಯಾಕ್‌ನಲ್ಲೋ ಮೂರನೇ ಗೇರ್‌ನಲ್ಲಿ 2,500ರಿಂದ 6,500 ಆರ್‌ಪಿಎಂವರೆಗೆ ಪೂರ್ತಿ ಥ್ರಾಟಲ್ ಕೊಟ್ಟು ಇಷ್ಟನ್ನು ದಾಖಲಿಸಿ: ಆರ್‌ಪಿಎಂ, ಒಳಬರುವ ಗಾಳಿಯ ಉಷ್ಣತೆ, ಇಗ್ನಿಷನ್ ಟೈಮಿಂಗ್, ಪ್ರತಿ ಸಿಲಿಂಡರ್‌ನಲ್ಲೂ ನಾಕಿಂಗ್ ಕಂಡು ಇಸಿಯು ಹಿಂದಕ್ಕೆ ಎಳೆದ ಟೈಮಿಂಗ್ ಡಿಗ್ರಿ, ಇಸಿಯು ಕೇಳಿದ ಮತ್ತು ಸಿಕ್ಕ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿಯೊತ್ತಡ), ಕೇಳಿದ ಮತ್ತು ಸಿಕ್ಕ ಲ್ಯಾಂಬ್ಡಾ (ಗಾಳಿ-ಇಂಧನದ ಪಾಲು; 1ಕ್ಕಿಂತ ಕಡಿಮೆಯಾದಷ್ಟೂ ಪೆಟ್ರೋಲ್ ಹೆಚ್ಚು), ಇಂಧನ ರೈಲ್ ಒತ್ತಡ.

ಒಂದು ಸಿಲಿಂಡರ್‌ನಲ್ಲಿ ಆಗೊಮ್ಮೆ ಈಗೊಮ್ಮೆ 2 ಡಿಗ್ರಿ ಎಳೆದರೆ ಗಾಬರಿ ಬೇಡ. ಆಧುನಿಕ ಇಸಿಯು ಅಂಚಿನಲ್ಲೇ ನಡೆಯುತ್ತದೆ. ಎರಡು ಮೂರು ಸಿಲಿಂಡರ್‌ಗಳಲ್ಲಿ 4 ಡಿಗ್ರಿಗಿಂತ ಹೆಚ್ಚು ಎಳೆತ ಪ್ರತಿ ಓಟದಲ್ಲೂ ಕಂಡರೆ ಮ್ಯಾಪ್ ಆ ಇಂಧನಕ್ಕೆ ಅಥವಾ ಆ ಬಿಸಿಗೆ ಒಗ್ಗುತ್ತಿಲ್ಲ ಎಂದರ್ಥ. ಯಾವಾಗಲೂ ಒಂದೇ ಸಿಲಿಂಡರ್ ಎಳೆಯುತ್ತಿದ್ದರೆ ಇಂಧನವನ್ನು ಬೈಯಬೇಡಿ. ಆ ಸಿಲಿಂಡರ್‌ನ ಇಂಜೆಕ್ಟರ್, ಪ್ಲಗ್, ಇಂಗಾಲ ನೋಡಿ. ಲ್ಯಾಂಬ್ಡಾ 0.85 ಕೇಳಿ 0.92 ಸಿಗುತ್ತಿದ್ದರೆ, ಅಥವಾ ರೈಲ್ ಒತ್ತಡ ಕೇಳಿದ್ದಕ್ಕಿಂತ ಶೇ. 10ಕ್ಕೂ ಹೆಚ್ಚು ಕುಸಿಯುತ್ತಿದ್ದರೆ ಅಲ್ಲಿಗೇ ಕಾಲು ತೆಗೆಯಿರಿ. ಪೆಟ್ರೋಲ್ ಸಾಲದೆ ಒಣಗಿದ ಮಿಶ್ರಣಕ್ಕೆ ಈ ಲೇಖನದ ಯಾವ ಮದ್ದೂ ನಾಟುವುದಿಲ್ಲ. ಮೊದಲು ಪಂಪ್, ಫಿಲ್ಟರ್.

ಸುಳ್ಳು ನಾಕಿಂಗ್ ಕೂಡ ಉಂಟು. ಸಡಿಲವಾದ ಹೀಟ್ ಶೀಲ್ಡ್, ಸವೆದ ಎಂಜಿನ್ ಮೌಂಟ್, ಎಂಜಿನ್ ಕೆಳಗಿನ ತಟ್ಟೆಗೆ ತಾಗುವ ಡೌನ್‌ಪೈಪ್ (ಟರ್ಬೊದಿಂದ ಹೊಗೆ ಒಯ್ಯುವ ಕೊಳವೆ) – ಇವುಗಳ ಸದ್ದನ್ನು ಎಂಜಿನ್‌ನ ಕಂಪನ ಆಲಿಸುವ ನಾಕ್ ಸೆನ್ಸರ್ ನಾಕಿಂಗ್ ಎಂದೇ ತಿಳಿಯುತ್ತದೆ. ಸೆನ್ಸರ್‌ನ ಬೋಲ್ಟ್ ಬಿಗಿಯುವುದರಲ್ಲೂ ಎಡವಟ್ಟಾಗುತ್ತದೆ. ಬಾಷ್‌ನ ಸಾಮಾನ್ಯ ನಾಕ್ ಸೆನ್ಸರ್‌ಗೆ 20 ನ್ಯೂಟನ್ ಮೀಟರ್, ಹೆಚ್ಚುಕಡಿಮೆ 5. ಅಡಿಯಲ್ಲಿ ವಾಷರ್ ಬೇಡ, ಬಣ್ಣ ಬೇಡ, ಲೋಹಕ್ಕೆ ಲೋಹ ತಾಗಬೇಕು. ಕೈಅಂದಾಜಿನಲ್ಲಿ ಬಿಗಿದ ಸೆನ್ಸರ್ ಅರೆಕಿವುಡಾಗುತ್ತದೆ, ಇಲ್ಲವೇ ಇಲ್ಲದ್ದನ್ನೆಲ್ಲ ಕೇಳಿಸಿಕೊಳ್ಳುತ್ತದೆ.

ಇಂಧನ: ಸುಲಭ, ಆದರೆ ಬಂಕ್ ನಂಬಿದ್ದು

ಬಿಎಸ್6 ಮಾನದಂಡದಲ್ಲಿ ಸಾಮಾನ್ಯ ಪೆಟ್ರೋಲ್‌ಗೆ ಕನಿಷ್ಠ 91 ರಾನ್ (ಆಕ್ಟೇನ್, ಅಂದರೆ ನಾಕಿಂಗ್ ತಾಳುವ ಗುಣದ ಒಂದು ಅಳತೆ), ಪ್ರೀಮಿಯಂಗೆ 95. ಇಂಡಿಯನ್ ಆಯಿಲ್ 2020ರ ಡಿಸೆಂಬರ್‌ನಲ್ಲಿ ಎಕ್ಸ್‌ಪಿ 100 ತಂದಾಗ ದೆಹಲಿಯಲ್ಲಿ ಲೀಟರಿಗೆ 160 ರೂಪಾಯಿ ಇತ್ತು. ಎಥನಾಲ್ ಬೆರೆತ ಸಾಮಾನ್ಯ ಪೆಟ್ರೋಲ್‌ನ ನಿಜವಾದ ಆಕ್ಟೇನ್ 91ಕ್ಕಿಂತ ಮೇಲೇ ಇರುತ್ತದೆ. ಆದರೂ ಮ್ಯಾಪ್ ಕಟ್ಟುವಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಖಾತ್ರಿ ಇರುವ ಕನಿಷ್ಠವನ್ನು, ಅದೃಷ್ಟ ಇದ್ದ ದಿನ ಸಿಗುವುದನ್ನಲ್ಲ.

ಇಲ್ಲಿ ಅನೇಕರು ಎಡವುವ ಒಂದು ಕಲ್ಲಿದೆ. ಅಮೆರಿಕದ ಟ್ಯೂನರ್‌ಗಳ ಮ್ಯಾಪ್‌ಗೆ ‘93 ಆಕ್ಟೇನ್’ ಎಂಬ ಹೆಸರಿರುತ್ತದೆ. ನಮ್ಮ ಬಂಕ್‌ನಲ್ಲಿ 95 ಇದೆಯಲ್ಲ, ಎರಡು ಹೆಚ್ಚೇ ಆಯಿತು ಎಂದು ಹಾಕಿಸುತ್ತಾರೆ. ಅಮೆರಿಕದವರು ಬರೆಯುವ ಅಂಕಿ ರಾನ್ ಮತ್ತು ಮಾನ್ (ಇನ್ನೂ ಕಠಿಣ ಪರೀಕ್ಷೆಯ, ಕಡಿಮೆ ಬರುವ ಆಕ್ಟೇನ್ ಅಳತೆ) ಎರಡರ ಸರಾಸರಿ. ಅಲ್ಲಿಯ 93 ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 98 ರಾನ್. ಅಂದರೆ ಆ ಕಾರು ಮೂರು ರಾನ್ ಕೊರತೆಯಲ್ಲಿ ಓಡುತ್ತಿದೆ, ನಾಕ್ ಸೆನ್ಸರ್ ಒಂದೇ ಅದರ ಕಾವಲು. ಟ್ಯೂನರ್ ಹತ್ತಿರ ‘ಯಾವ ಆಕ್ಟೇನ್?’ ಎಂದು ಕೇಳಿ ಸುಮ್ಮನಾಗಬೇಡಿ. ‘ರಾನ್ ಲೆಕ್ಕದಲ್ಲಿ ಎಷ್ಟು?’ ಎಂದು ಕೇಳಿ.

ಬೆರೆಸುವಾಗ ಆಕ್ಟೇನ್ ಸರಿಸುಮಾರು ಪಾಲಿನ ಪ್ರಕಾರ ಬರುತ್ತದೆ. ಟ್ಯಾಂಕಿನಲ್ಲಿ 95ರದ್ದು 15 ಲೀಟರ್ ಉಳಿದಿದ್ದು 100ರದ್ದು 30 ಲೀಟರ್ ಹಾಕಿಸಿದರೆ ಸುಮಾರು 98.3. ಉಳಿದದ್ದು 91 ಆಗಿದ್ದರೆ 97. ‘100 ಹಾಕಿಸಿದೆ’ ಎಂಬ ಮಾತಿಗೂ ಟ್ಯಾಂಕಿನಲ್ಲಿ ನಿಜಕ್ಕೂ ಇರುವುದಕ್ಕೂ ಇಷ್ಟು ವ್ಯತ್ಯಾಸ.

ಇಂಧನದ ದಾರಿ ಕೈಕೊಡುವುದು ಊರು ಬಿಟ್ಟಾಗ. ಬೆಂಗಳೂರಿನಲ್ಲಿ ಹುಡುಕಿದರೆ ಸಿಗುವ 100, ರಾತ್ರಿ ಹೈವೇ ಬಂಕ್‌ನಲ್ಲಿ ಸಿಗುತ್ತದೆ ಎಂದು ನಂಬುವ ಹಾಗಿಲ್ಲ. ಆದ್ದರಿಂದ 98–100 ರಾನ್‌ಗೆ ಮ್ಯಾಪ್ ಮಾಡಿಸುವವರು ಅದರ ಜೊತೆಗೇ 91ಕ್ಕೆ ಹೊಂದುವ ಎರಡನೇ ಮ್ಯಾಪ್ ಇಟ್ಟುಕೊಳ್ಳಬೇಕು, ಅದನ್ನು ಬದಲಿಸುವ ಸಾಧನ ಕಾರಿನಲ್ಲೇ ಇರಬೇಕು. ಟ್ಯೂನರ್ ಅಂಗಡಿಗೆ ಹೋಗಿಯೇ ಬದಲಿಸಬೇಕು ಎನ್ನುವಂತಿದ್ದರೆ ಆ ಮ್ಯಾಪ್ ದಿನಬಳಕೆಯ ಕಾರಿಗಲ್ಲ.

ಆಕ್ಟೇನ್ ಬೂಸ್ಟರ್ ಬಾಟಲಿ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ‘3 ಪಾಯಿಂಟ್ ಏರಿಕೆ’ ಎಂದು ಓದಿ 95 ಹೋಗಿ 98 ಆಯಿತೆಂದು ತಿಳಿಯುತ್ತಾರೆ. ಹಲವು ಬಾಟಲಿಗಳ ಲೆಕ್ಕದಲ್ಲಿ ಒಂದು ಪಾಯಿಂಟ್ ಎಂದರೆ 0.1, ಅಂದರೆ 95.3. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮ್ಯಾಂಗನೀಸ್ ಅಥವಾ ಫೆರೋಸೀನ್ ಇರುವ ಬಾಟಲಿಗಳು ಆಕ್ಟೇನ್ ಏರಿಸುತ್ತವೆ ನಿಜ, ಆದರೆ ಪ್ಲಗ್ ಪಿಂಗಾಣಿಯ ಮೇಲೆ ಕೆಂಪು-ಕಂದು ಲೇಪ ಬಿಡುತ್ತವೆ. ಕಿಡಿ ಗ್ಯಾಪ್ ಹಾರುವ ಬದಲು ಆ ಲೇಪದ ಮೇಲೆ ಹರಿದು ಮಿಸ್‌ಫೈರ್ ಆಗುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್‌ಗೂ ಅದು ಒಳ್ಳೆಯದಲ್ಲ. ದಾರಿಯಲ್ಲಿ ಸಿಕ್ಕಿಬಿದ್ದಾಗ ಒಮ್ಮೆ ಹಾಕಬಹುದು. ಅದನ್ನೇ ನಂಬಿ ಮ್ಯಾಪ್ ಮಾಡಿಸಬಾರದು.

ಎಥನಾಲ್ ಇನ್ನೊಂದು ತೂಕದ್ದು. ಅದರ ರಾನ್ 108ರ ಆಸುಪಾಸು. ಅದಕ್ಕಿಂತ ಮುಖ್ಯ, ಆವಿಯಾಗುವಾಗ ಕಿಲೋಗೆ ಸುಮಾರು 840 ಕಿಲೋಜೌಲ್ ಬಿಸಿ ನುಂಗುತ್ತದೆ. ಪೆಟ್ರೋಲ್ ನುಂಗುವುದು 350ರಷ್ಟು. ನೇರ ಇಂಜೆಕ್ಷನ್ ಎಂಜಿನ್‌ನಲ್ಲಿ ಈ ತಂಪು ಸಿಲಿಂಡರ್ ಒಳಗೇ ಆಗುತ್ತದೆ, ಅದೇ ದೊಡ್ಡ ಲಾಭ. 2024ರ ಮಾರ್ಚ್‌ನಲ್ಲಿ ಎಥನಾಲ್ 100 ಎಂಬ ಇಂಧನ 183 ಬಂಕ್‌ಗಳಲ್ಲಿ ಬಂತು, ಕರ್ನಾಟಕವೂ ಆ ಪಟ್ಟಿಯಲ್ಲಿದೆ. ಹಾಗೆಂದು ಕ್ಯಾನ್‌ನಲ್ಲಿ ತಂದು ಟ್ಯಾಂಕಿಗೆ ಸುರಿಯುವುದಲ್ಲ. ಶುದ್ಧ ಪೆಟ್ರೋಲ್ ಒಂದು ಕಿಲೋ ಸಂಪೂರ್ಣ ಉರಿಯಲು 14.7 ಕಿಲೋ ಗಾಳಿ ಬೇಕು, ಎಥನಾಲ್‌ಗೆ 9 ಸಾಕು. ಅಂದರೆ ಅಷ್ಟೇ ಗಾಳಿಗೆ ಬಹಳ ಹೆಚ್ಚು ಇಂಧನ ಹೋಗಬೇಕು. ಅಧಿಕ ಒತ್ತಡದ ಪಂಪ್ ಅಷ್ಟು ಕೊಡಲಾರದಿದ್ದರೆ ನಾಕಿಂಗ್ ತಪ್ಪಿಸಲು ಹೋಗಿ ಮಿಶ್ರಣ ಒಣಗಿ ಅದೇ ಗುಂಡಿಗೆ ಬೀಳುತ್ತೀರಿ. ಟ್ಯಾಂಕಿಗೆ ನೀರು ಸೇರಿದರೆ ಎಥನಾಲ್ ಆ ನೀರಿನ ಜೊತೆ ತಳಕ್ಕೆ ಇಳಿಯುತ್ತದೆ, ಮೇಲೆ ಉಳಿದ ಪೆಟ್ರೋಲ್‌ನ ಆಕ್ಟೇನ್ ಬೀಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಕಾರಿನವರು ಇದನ್ನು ನೆನಪಿಡಿ.

ಟ್ಯಾಂಕಿನಲ್ಲಿ ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ನೋಡಬಹುದು. ಗಾಜಿನ 100 ಮಿ.ಲೀ. ಅಳತೆ ಸಿಲಿಂಡರ್‌ಗೆ 10 ಮಿ.ಲೀ. ನೀರು, ಮೇಲೆ 90 ಮಿ.ಲೀ. ಪೆಟ್ರೋಲ್. ಮುಚ್ಚಿ ಕುಲುಕಿ, ಮುಚ್ಚಳ ಒಮ್ಮೆ ಸಡಿಲಿಸಿ ಆವಿ ಬಿಟ್ಟು, ಹತ್ತು ನಿಮಿಷ ನಿಲ್ಲಲು ಬಿಡಿ. ಎಥನಾಲ್ ನೀರಿಗೆ ಸೇರಿ ತಳದ ಪದರ ಎತ್ತರವಾಗುತ್ತದೆ. ಅದು 28ರ ಹತ್ತಿರ ನಿಂತರೆ 18 ಮಿ.ಲೀ. ಎಥನಾಲ್, ಅಂದರೆ ಶೇ. 20. ತಳ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಬಯಲಿನಲ್ಲಿ, ಬೆಂಕಿಯಿಂದ ದೂರ ಮಾಡಿ.

ಬಿಸಿ: ಮೊದಲ ದುಡ್ಡು ಇಲ್ಲಿಗೆ

ಬೆಂಗಳೂರು ತಂಪು, ಹಾಗಾಗಿ ಇಲ್ಲಿ ನಾಕಿಂಗ್ ಕಡಿಮೆ ಎಂಬ ಮಾತು ಓಡಾಡುತ್ತದೆ. ಟರ್ಬೊ ಇಲ್ಲದ ಎಂಜಿನ್‌ಗೆ ಅದು ನಿಜ. ಎತ್ತರದಲ್ಲಿ ಗಾಳಿ ತೆಳು, ಸಿಲಿಂಡರ್ ತುಂಬುವುದೇ ಕಡಿಮೆ. ಟರ್ಬೊಗೆ ಲೆಕ್ಕ ಹಾಕಿ ನೋಡಿ.

ಇಸಿಯು 2.0 ಬಾರ್ ಪೂರ್ಣ ಒತ್ತಡ (ಹೊರಗಿನ ಗಾಳಿಯ ಒತ್ತಡವೂ ಸೇರಿ) ಕೇಳುತ್ತಿದೆ ಎನ್ನಿ, ಕಂಪ್ರೆಸರ್ ದಕ್ಷತೆ ಶೇ. 70. ಮಂಗಳೂರಿನ ಸಮುದ್ರಮಟ್ಟದಲ್ಲಿ ಹೊರಗೆ 1.01 ಬಾರ್, ಬಿಸಿಲು 35 ಡಿಗ್ರಿ. ಟರ್ಬೊದಿಂದ ಹೊರಬರುವ ಗಾಳಿ ಸುಮಾರು 128 ಡಿಗ್ರಿ ಸೆಲ್ಸಿಯಸ್. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಹೊರಗೆ 0.91 ಬಾರ್, ಹವೆ 25 ಡಿಗ್ರಿ. ಅದೇ 2.0 ಬಾರ್ ಮುಟ್ಟಲು ಟರ್ಬೊ ಹೆಚ್ಚು ಒತ್ತಬೇಕು. ಹೊರಬರುವ ಗಾಳಿ 131 ಡಿಗ್ರಿ. ಹತ್ತು ಡಿಗ್ರಿ ತಂಪನ್ನೆಲ್ಲ ಎತ್ತರ ತಿಂದು ಹಾಕಿತು. ಅದರ ಮೇಲೆ ಸಿಲ್ಕ್ ಬೋರ್ಡ್‌ನಲ್ಲಿ ಹತ್ತು ನಿಮಿಷ ನಿಂತರೆ ಬಂಪರ್ ಹಿಂದಿನ ಇಂಟರ್‌ಕೂಲರ್ ರೇಡಿಯೇಟರ್ ಬಿಸಿಯಲ್ಲಿ ನೆನೆದುಹೋಗುತ್ತದೆ, ದಾರಿ ಸಿಕ್ಕ ಕೂಡಲೇ ಒತ್ತುವ ಮೊದಲ ಥ್ರಾಟಲ್‌ಗೇ ಟೈಮಿಂಗ್ ಎಳೆತ ಶುರು.

128 ಡಿಗ್ರಿಯ ಗಾಳಿಯನ್ನು ಶೇ. 70 ಸಾಮರ್ಥ್ಯದ ಇಂಟರ್‌ಕೂಲರ್ 63 ಡಿಗ್ರಿಗೆ ಇಳಿಸುತ್ತದೆ, ಶೇ. 85ರದ್ದು 49ಕ್ಕೆ. ಈ 14 ಡಿಗ್ರಿ ಯಾವ ಬಂಕ್ ಮೇಲೂ, ಯಾವ ಪಂಪ್ ಮೇಲೂ ಅವಲಂಬಿಸಿಲ್ಲ. ಅದಕ್ಕೇ ಮೊದಲ ದುಡ್ಡು ಇಲ್ಲಿಗೆ ಎನ್ನುವುದು.

ಕೊಳ್ಳುವಾಗ ಗಾತ್ರ ನೋಡಿ ಮರುಳಾಗಬೇಡಿ. ಬಾರ್-ಅಂಡ್-ಪ್ಲೇಟ್ ಕೋರ್ ಭಾರ, ಬಿಸಿಯನ್ನು ಹೀರಿ ಇಟ್ಟುಕೊಳ್ಳುತ್ತದೆ. ಡ್ರ್ಯಾಗ್ ಓಟಕ್ಕೆ, ಗಳಿಗೆ ಹೊತ್ತಿನ ಎಳೆತಕ್ಕೆ ಒಳ್ಳೆಯದು. ಒಮ್ಮೆ ಕಾದರೆ ಆರಲು ಹೊತ್ತು ಬೇಕು. ಟ್ಯೂಬ್-ಅಂಡ್-ಫಿನ್ ಹಗುರ, ಗಾಳಿ ಸಿಕ್ಕ ತಕ್ಷಣ ಆರುತ್ತದೆ, ಆದರೆ ಕಲ್ಲು ಬಡಿದರೆ ಬೇಗ ತೂತು. ಎರಡರಲ್ಲೂ ಕೇಳಬೇಕಾದ ಅಂಕಿ ಒತ್ತಡದ ನಷ್ಟ: ಪೂರ್ತಿ ಹರಿವಿನಲ್ಲಿ 0.1 ಬಾರ್ ಒಳಗಿರಲಿ. ಅದಕ್ಕಿಂತ ಹೆಚ್ಚು ಕಳೆದರೆ ಅದನ್ನು ತುಂಬಿಕೊಡಲು ಟರ್ಬೊ ಇನ್ನಷ್ಟು ಒತ್ತಿ ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ.

ಹೊಸ ಕೋರ್ ಸುತ್ತ ಬಂಪರ್ ಒಳಗೆ ಸಂದು ಬಿಟ್ಟರೆ ಗಾಳಿ ಕೋರ್ ದಾಟದೆ ಪಕ್ಕದಿಂದ ನುಸುಳಿಬಿಡುತ್ತದೆ. ಆ ಸಂದುಗಳನ್ನು ಫೋಮ್ ಪಟ್ಟಿಯಿಂದ ಮುಚ್ಚುವುದು ಅರ್ಧ ದಿನದ ಕೆಲಸ, ಖರ್ಚು ಇಲ್ಲವೆನ್ನುವಷ್ಟು. ಹಾಗೆಯೇ ಹೋಸ್‌ಗಳ ಸೋರಿಕೆ ಪರೀಕ್ಷೆ: ಟರ್ಬೊ ಬಾಯಿಗೆ ಮುಚ್ಚಳ ಹಾಕಿ 1 ಬಾರ್ ಗಾಳಿ ತುಂಬಿ ಪ್ರತಿ ಕ್ಲ್ಯಾಂಪ್‌ಗೂ ಸೋಪುನೀರು ಹಚ್ಚಿ. ಗುಳ್ಳೆ ಎದ್ದ ಕಡೆಯಲ್ಲೆಲ್ಲ ಟರ್ಬೊ ವ್ಯರ್ಥವಾಗಿ ದುಡಿಯುತ್ತಿದೆ. ಸೋರುವ ಹೋಸ್ ಬಿಟ್ಟು ದುಬಾರಿ ಇಂಟರ್‌ಕೂಲರ್ ಹಾಕಿಸುವುದು ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತೆ.

ನೀರಿನಿಂದ ತಣಿಸುವ ಇಂಟರ್‌ಕೂಲರ್ ಟ್ರಾಫಿಕ್‌ನಲ್ಲಿ ಚೆನ್ನಾಗಿ ತಾಳುತ್ತದೆ. ಆದರೆ ಅದಕ್ಕೊಂದು ಎಲೆಕ್ಟ್ರಿಕ್ ಪಂಪ್ ಇದೆ. ಅದು ನಿಂತರೆ ಗಾಳಿಯ ಉಷ್ಣತೆ ಏರುವುದೊಂದೇ ಸುಳಿವು. ಗಾಳಿಯ ಉಷ್ಣತೆ ನೋಡಿ ಟೈಮಿಂಗ್ ಇಳಿಸುವ ಕೋಷ್ಟಕ ಮ್ಯಾಪ್‌ನಲ್ಲಿ ಇರಲೇಬೇಕು.

ನೀರು-ಮೆಥನಾಲ್: ಬಲವಾದದ್ದು, ಆದರೆ ಕಾವಲಿಲ್ಲದೆ ಬೇಡ

ಇದು ಹಳೆಯ ವಿದ್ಯೆ. 1962ರ ಓಲ್ಡ್ಸ್‌ಮೊಬಿಲ್ ಜೆಟ್‌ಫೈರ್ 10.25:1 ಕಂಪ್ರೆಶನ್ (ಸಿಲಿಂಡರ್ ಒಳಗೆ ಮಿಶ್ರಣವನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬುದು) ಇಟ್ಟುಕೊಂಡೇ ಟರ್ಬೊ ಹಾಕಿತ್ತು, ನಾಕಿಂಗ್ ತಡೆಯಲು ನೀರು-ಮೆಥನಾಲ್ ಚಿಮ್ಮಿಸುತ್ತಿತ್ತು. ಮಾಲೀಕರು ಆ ದ್ರವ ತುಂಬಲು ಮರೆಯುತ್ತಿದ್ದರು. ಹಾಗೆ ಖಾಲಿಯಾದಾಗ ಬೂಸ್ಟ್ ತಡೆಯಲೆಂದೇ ಎರಡನೇ ಚಿಟ್ಟೆ ಕವಾಟವೊಂದನ್ನು ಇಟ್ಟಿದ್ದರು. ಅರವತ್ತು ವರ್ಷದ ಹಿಂದೆಯೇ ಅರ್ಥವಾಗಿದ್ದ ಈ ಮುನ್ನೆಚ್ಚರಿಕೆಯನ್ನು ಇವತ್ತು ಕಿಟ್‌ಗಳನ್ನು ಕೂರಿಸುವ ಅನೇಕರು ಬಿಟ್ಟುಬಿಡುತ್ತಾರೆ. ಬಿಎಂಡಬ್ಲ್ಯು ಎಂ4 ಜಿಟಿಎಸ್ ಬಾಷ್‌ನ ವ್ಯವಸ್ಥೆಯಿಂದ ಬರೀ ನೀರನ್ನೇ ಚಿಮ್ಮಿಸುತ್ತದೆ.

ನೀರು ಕಿಲೋಗೆ 2,257 ಕಿಲೋಜೌಲ್ ನುಂಗುತ್ತದೆ, ಮೆಥನಾಲ್ 1,100ರಷ್ಟು. ತಣಿಸುವ ಕೆಲಸ ಮುಖ್ಯವಾಗಿ ನೀರಿನದು. ಮೆಥನಾಲ್ ಬೇಗ ಆವಿಯಾಗಿ ಗಾಳಿಯನ್ನು ತಂಪಾಗಿಸುತ್ತದೆ, ಆಕ್ಟೇನ್ ಸೇರಿಸುತ್ತದೆ, ಇಂಧನವಾಗಿಯೂ ಉರಿಯುತ್ತದೆ. ಅರ್ಧಕ್ಕೆ ಅರ್ಧ ಬೆರಕೆ ಸುರಕ್ಷಿತ ಆರಂಭ. ಪ್ರಮಾಣಕ್ಕೆ ಹೀಗೆ ಲೆಕ್ಕ: 300 ಅಶ್ವಶಕ್ತಿಯ ಟರ್ಬೊ ಎಂಜಿನ್ ಪೂರ್ತಿ ಭಾರದಲ್ಲಿ ನಿಮಿಷಕ್ಕೆ ಸುಮಾರು 1.7 ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದರ ಶೇ. 10ರಿಂದ 15, ಅಂದರೆ 170ರಿಂದ 250 ಮಿ.ಲೀ. ಹರಿಸುವ ನಾಝಲ್ ಸಾಕು. ದೊಡ್ಡದು ಹಾಕಿದರೆ ಕಿಡಿಯೇ ನಂದಿ ಎಂಜಿನ್ ಮುಗ್ಗರಿಸುತ್ತದೆ.

ನಾಝಲ್ ಜಾಗ ಇಂಟರ್‌ಕೂಲರ್ ಆದಮೇಲೆ, ಥ್ರಾಟಲ್ ಬಾಡಿಗಿಂತ 15ರಿಂದ 30 ಸೆಂ.ಮೀ. ಮೊದಲು. ಇಂಟರ್‌ಕೂಲರ್‌ಗೆ ಮೊದಲು ಹಾಕಿದರೆ ಹನಿಗಳು ಕೋರ್ ಒಳಗೇ ಸೇರಿ ಕೊಚ್ಚೆಯಾಗುತ್ತವೆ. ನಾಝಲ್ ಹಿಂದೆಯೇ ಸೊಲೆನಾಯ್ಡ್ ಕವಾಟ ಬೇಕು, ಇಲ್ಲವಾದರೆ ಪಂಪ್ ನಿಂತ ಮೇಲೂ ದ್ರವ ಒಳಗೆ ಸೋರಬಹುದು. 0.5 ಬಾರ್ ಬೂಸ್ಟ್‌ನಿಂದ ಶುರುವಾಗಿ 1.2ಕ್ಕೆ ಪೂರ್ತಿ ಹರಿವು ಮುಟ್ಟುವಂತೆ ಹೊಂದಿಸಿ. ನೀರು ಡಿಸ್ಟಿಲ್ಡ್ ಆಗಿರಲಿ. ಬೋರ್‌ವೆಲ್ ನೀರಿನ ಗಡಸು, ಸ್ನಾನದಮನೆಯ ನಲ್ಲಿಯ ಬಾಯಲ್ಲಿ ಬಿಳಿ ಸುಣ್ಣ ಕಟ್ಟುವಂತೆಯೇ ನಾಝಲ್‌ನ ಸೂಜಿತೂತಿನಲ್ಲೂ ಕಟ್ಟುತ್ತದೆ.

ಅದು ಕಟ್ಟಿಕೊಂಡ ದಿನವೇ ಈ ವ್ಯವಸ್ಥೆಯ ನಿಜವಾದ ಪರೀಕ್ಷೆ. ಟ್ಯಾಂಕಿನಲ್ಲಿ ದ್ರವ ಇದೆ, ಪಂಪ್ ಗುಂಯ್‌ಗುಡುತ್ತಿದೆ, ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ದೀಪ ಉರಿಯುತ್ತಿದೆ. ಎಂಜಿನ್‌ಗೆ ಮಾತ್ರ ಹನಿಯೂ ಹೋಗುತ್ತಿಲ್ಲ. ನೀರನ್ನು ನಂಬಿ 4 ಡಿಗ್ರಿ ಟೈಮಿಂಗ್ ಮುಂದೆ ತಳ್ಳಿದ್ದರೆ ಒಂದೇ ಎಳೆತಕ್ಕೆ ರಿಂಗ್ ಪಟ್ಟಿ ಹೋಗಬಹುದು. ಟ್ಯಾಂಕಿನ ಮಟ್ಟ ತಿಳಿಸುವ ಸ್ವಿಚ್ ಸಾಲದು, ನಾಝಲ್ ಹತ್ತಿರದ ಹರಿವು ಅಳೆಯುವ ಸೆನ್ಸರ್ ಬೇಕು. ಹರಿವು ಕುಸಿದ ಕೂಡಲೇ ಬೂಸ್ಟ್ ತಾನಾಗಿ ವೇಸ್ಟ್‌ಗೇಟ್ ಒತ್ತಡಕ್ಕೆ (ಟರ್ಬೊ ಕೊಡುವ ಅತಿ ಕಡಿಮೆ ಬೂಸ್ಟ್‌ಗೆ) ಇಳಿಯಬೇಕು. ದೀಪ ನೋಡಿ ಚಾಲಕ ಕಾಲು ತೆಗೆಯಲಿ ಎನ್ನುವ ವ್ಯವಸ್ಥೆಗೆ ನಮ್ಮ ಮತವಿಲ್ಲ. ದೀಪ ನೋಡುವಷ್ಟರಲ್ಲಿ ಎಂಜಿನ್ ನೂರು ಸುತ್ತು ದಾಟಿರುತ್ತದೆ.

ಮೆಥನಾಲ್ ವಿಷ, ಕೈಗವಸು ಹಾಕಿ, ಗಾಳಿಯಾಡುವಲ್ಲಿ ಬೆರೆಸಿ. ಅದರ ಜ್ವಾಲೆ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಮಾರಾಟಕ್ಕೂ ದಾಸ್ತಾನಿಗೂ ಪರವಾನಗಿಯ ನಿಯಮಗಳಿವೆ. ಕ್ಯಾಬಿನ್ ಒಳಗೆ ಟ್ಯಾಂಕ್ ಇಡಬೇಡಿ. ಇಷ್ಟೆಲ್ಲ ರಗಳೆ ಬೇಡ ಎನ್ನುವವರು ಬರೀ ಡಿಸ್ಟಿಲ್ಡ್ ನೀರು ಬಳಸಿದರೂ ತಣಿಸುವ ಲಾಭದ ಬಹುಪಾಲು ಸಿಗುತ್ತದೆ.

ಮ್ಯಾಪ್: ದುಡ್ಡಿಲ್ಲದೆ ಸಿಗುವ ರಕ್ಷಣೆ

ಟೈಮಿಂಗ್ ಹಿಂದಕ್ಕೆ ಹಾಕಿದರೆ ನಾಕಿಂಗ್ ನಿಲ್ಲುತ್ತದೆ, ಆದರೆ ಉರಿ ತಡವಾಗಿ ಮುಗಿದು ಬಿಸಿ ಎಕ್ಸಾಸ್ಟ್‌ಗೆ ಹೋಗುತ್ತದೆ. ಎಕ್ಸಾಸ್ಟ್ ಕವಾಟ, ಟರ್ಬೈನ್, ಕ್ಯಾಟಲಿಟಿಕ್ ಕನ್ವರ್ಟರ್ ಅದರ ಬೆಲೆ ತೆರುತ್ತವೆ. ಆದ್ದರಿಂದ 6 ಡಿಗ್ರಿ ಟೈಮಿಂಗ್ ಕಳೆದು ಬೂಸ್ಟ್ ಉಳಿಸಿಕೊಳ್ಳುವುದಕ್ಕಿಂತ 0.15 ಬಾರ್ ಬೂಸ್ಟ್ ಬಿಟ್ಟು ಟೈಮಿಂಗ್ ಉಳಿಸಿಕೊಳ್ಳುವುದು ಮೇಲು. ಗಾಡಿ ಓಡಿಸಲೂ ಅದೇ ಹಿತ. ಬ್ರೋಷರ್‌ನ ಟಾರ್ಕ್ ಅಂಕಿ ಸ್ವಲ್ಪ ಕಡಿಮೆ ಕಾಣುತ್ತದೆ ಅಷ್ಟೇ.

ಟ್ಯೂನರ್ ಹತ್ತಿರ ಬಾಯಿಬಿಟ್ಟು ಕೇಳಬೇಕಾದ್ದು ಇನ್ನೊಂದಿದೆ: 2,500 ಆರ್‌ಪಿಎಂ ಕೆಳಗೆ ಟಾರ್ಕ್ ಮಿತಿ. ಸಣ್ಣ ಟರ್ಬೊ 1,800ಕ್ಕೇ ಪೂರ್ತಿ ಬೂಸ್ಟ್ ಕೊಡುತ್ತದೆ. ಪಿಸ್ಟನ್ ನಿಧಾನ, ಒತ್ತಡ ಜಾಸ್ತಿ. ತಾನಾಗಿ ಹೊತ್ತಿಕೊಳ್ಳಲು ಮಿಶ್ರಣಕ್ಕೆ ಬೇಕಾದಷ್ಟು ಸಮಯ ಸಿಗುತ್ತದೆ. ಎಲ್‌ಎಸ್‌ಪಿಐ ಎಂಬ ಮಂದಗತಿಯ ಪ್ರಿ-ಇಗ್ನಿಷನ್ ಕಾಣಿಸಿಕೊಳ್ಳುವುದೂ ಇಲ್ಲೇ. ಸಿಲಿಂಡರ್ ಗೋಡೆಯಿಂದ ಹಾರಿದ ಎಣ್ಣೆ-ಪೆಟ್ರೋಲ್ ಹನಿ ಅದನ್ನು ಹೊತ್ತಿಸುತ್ತದೆ, ಕ್ಯಾಲ್ಸಿಯಂ ಹೆಚ್ಚಿರುವ ಎಣ್ಣೆ ಅದಕ್ಕೆ ಕುಮ್ಮಕ್ಕು ಕೊಡುತ್ತದೆ. 2020ರ ಮೇನಲ್ಲಿ ಬಂದ ಎಪಿಐ ಎಸ್‌ಪಿ ಎಂಬ ಎಂಜಿನ್ ಎಣ್ಣೆಯ ದರ್ಜೆಯಲ್ಲಿ ಇದಕ್ಕೆಂದೇ ಪರೀಕ್ಷೆಯಿದೆ. ಕಾರಿನ ಕಂಪನಿ ಹೇಳಿದ ಅನುಮೋದನೆ ಮೊದಲು ನೋಡಿ, ಅದರ ಜೊತೆ ಎಸ್‌ಪಿಯೂ ಇರುವ ಎಣ್ಣೆ ಆರಿಸಿ. ಡಿಎಸ್‌ಜಿ (ಫೋಕ್ಸ್‌ವ್ಯಾಗನ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಇರುವವರು ಘಾಟಿ ಹತ್ತುವಾಗ ಡಿ (ಡ್ರೈವ್) ಬಿಟ್ಟು ಎಸ್‌ಗೆ (ಸ್ಪೋರ್ಟ್) ಹಾಕಿದರೆ ಎಂಜಿನ್ ಏದುಸಿರು ಬಿಡುವುದು ತಪ್ಪುತ್ತದೆ.

ಪ್ಲಗ್, ಕಂಪ್ರೆಶನ್, ಎಣ್ಣೆಯ ಆವಿ

ತಣ್ಣನೆಯ ಪ್ಲಗ್ (ತುದಿಯ ಬಿಸಿಯನ್ನು ಬೇಗ ಹೆಡ್‌ಗೆ ದಾಟಿಸುವಂಥದ್ದು) ನಾಕಿಂಗ್ ತಡೆಯುತ್ತದೆ ಎನ್ನುವುದು ಅರೆಸತ್ಯ. ಅದು ಮುಖ್ಯವಾಗಿ ತಡೆಯುವುದು ಪ್ರಿ-ಇಗ್ನಿಷನ್. ಪ್ಲಗ್ ತುದಿ 500ರಿಂದ 850 ಡಿಗ್ರಿ ನಡುವೆ ಇರಬೇಕು. ಒಂದು ದರ್ಜೆ ತಣ್ಣಗಾದರೆ ತುದಿ 70ರಿಂದ 100 ಡಿಗ್ರಿ ಇಳಿಯುತ್ತದೆ. ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ತಣ್ಣಗೆ, ಬಾಷ್‌ನಲ್ಲಿ ತಿರುಗುಮುರುಗು. ಅಂಗಡಿಯಲ್ಲಿ ಅದಲುಬದಲಾಗುವುದು ಇಲ್ಲೇ. ಸ್ಟೇಜ್ 1ಕ್ಕೆ (ಬರೀ ಮ್ಯಾಪ್ ಬದಲಿಸಿದ ಕಾರಿಗೆ) ಕಂಪನಿಯ ದರ್ಜೆಯೇ ಸಾಕು, ಸ್ಟೇಜ್ 2ಕ್ಕೆ (ಮ್ಯಾಪ್ ಜೊತೆ ಎಕ್ಸಾಸ್ಟ್‌ನಂಥ ಭಾಗಗಳನ್ನೂ ಬದಲಿಸಿದ್ದಕ್ಕೆ) ಒಂದು ದರ್ಜೆ ತಣ್ಣಗೆ, ಗ್ಯಾಪ್ 0.6ರಿಂದ 0.7 ಮಿ.ಮೀ. ಎರಡು ದರ್ಜೆ ಇಳಿಸಿ ನಗರದಲ್ಲಿ ಓಡಿಸಿದರೆ ಮಸಿ ಕಟ್ಟುತ್ತದೆ. 14 ಮಿ.ಮೀ. ಪ್ಲಗ್‌ಗೆ ಅಲ್ಯೂಮಿನಿಯಂ ಹೆಡ್‌ನಲ್ಲಿ 25ರಿಂದ 30 ನ್ಯೂಟನ್ ಮೀಟರ್, ಥ್ರೆಡ್‌ಗೆ ಗ್ರೀಸ್ ಬೇಡ. ಸಡಿಲ ಪ್ಲಗ್ ಬಿಸಿಯನ್ನು ಹೆಡ್‌ಗೆ ದಾಟಿಸದೆ ತಾನೇ ಕೆಂಡವಾಗುತ್ತದೆ.

ದಪ್ಪ ಹೆಡ್ ಗ್ಯಾಸ್ಕೆಟ್ ಹಾಕಿ ಕಂಪ್ರೆಶನ್ ಇಳಿಸುವ ಅಗ್ಗದ ಉಪಾಯವನ್ನು ನಾವು ಒಪ್ಪುವುದಿಲ್ಲ. 2.0 ಟಿಎಸ್‌ಐನ 9.6:1 ಎಂಜಿನ್‌ಗೆ 1 ಮಿ.ಮೀ. ಹೆಚ್ಚು ದಪ್ಪದ ಗ್ಯಾಸ್ಕೆಟ್ ಹಾಕಿದರೆ ಕಂಪ್ರೆಶನ್ 8.9ಕ್ಕೆ ಬರುತ್ತದೆ, ಲೆಕ್ಕಕ್ಕೆ ಸರಿ. ಆದರೆ ಪಿಸ್ಟನ್ ಅಂಚಿಗೂ ಹೆಡ್‌ಗೂ ನಡುವಿನ ಸ್ಕ್ವಿಶ್ ಸಂದು 1 ಮಿ.ಮೀ.ನಿಂದ 2ಕ್ಕೆ ಹಿಗ್ಗುತ್ತದೆ. ಆ ಸಂದಿನಿಂದ ರಭಸವಾಗಿ ಚಿಮ್ಮಿ ಮಿಶ್ರಣವನ್ನು ಕಲಕುತ್ತಿದ್ದ ಗಾಳಿ ಸತ್ತುಹೋಗಿ, ಮೂಲೆಯಲ್ಲಿ ನಿಧಾನ ಉರಿಯುವ ಮಿಶ್ರಣ ಉಳಿಯುತ್ತದೆ. ನಾಕಿಂಗ್ ಹುಟ್ಟುವುದೇ ಆ ಮೂಲೆಯಲ್ಲಿ. ಕಂಪ್ರೆಶನ್ ಇಳಿಸಲೇಬೇಕಾದಷ್ಟು ದೊಡ್ಡ ಟರ್ಬೊ ಹಾಕುವವರು ಸ್ಕ್ವಿಶ್ ಉಳಿಸಿ ತಲೆ ತಗ್ಗಾಗಿಸಿದ ಫೋರ್ಜ್ಡ್ ಪಿಸ್ಟನ್ ಹಾಕಲಿ.

ಎಣ್ಣೆಯ ಆವಿಯನ್ನು ಬಹಳ ಮಂದಿ ಮರೆಯುತ್ತಾರೆ. ಎಂಜಿನ್ ತಳದ ಎಣ್ಣೆಯ ಆವಿಯನ್ನು ಮತ್ತೆ ಒಳಗಾಳಿಗೆ ಬಿಡುವ ಪಿಸಿವಿ ಕವಾಟ ಹಾಳಾಗಿ ಇಂಟರ್‌ಕೂಲರ್ ಪೈಪ್‌ನಲ್ಲಿ ಎಣ್ಣೆ ನಿಂತಿದ್ದರೆ ಅದು ಸಿಲಿಂಡರ್‌ಗೆ ಹೋಗಿ ಮಿಶ್ರಣದ ಆಕ್ಟೇನ್ ಕೆಡಿಸುತ್ತದೆ. ಪೈಪ್ ಬಿಚ್ಚಿ ಒಳಗೆ ಬೆರಳಾಡಿಸಿ: ತೆಳು ಜಿಡ್ಡು ಸಹಜ, ಹನಿ ತೊಟ್ಟಿಕ್ಕಿದರೆ ಪಿಸಿವಿ ಬದಲಿಸಿ, ಒಳಗೆ ಅಡ್ಡತಡೆಗಳಿರುವ ಕ್ಯಾಚ್ ಕ್ಯಾನ್ (ಎಣ್ಣೆ ಹಿಡಿದಿಡುವ ಡಬ್ಬಿ) ಹಾಕಿಸಿ. ಒಳಗೆ ಬರಿದಾದ ಡಬ್ಬಿ ಬರೀ ಅಲಂಕಾರ.

ಯಾರಿಗೆ ಯಾವುದು

ಸ್ಟೇಜ್ 1 ಮಾಡಿಸಿ ದಿನಾ ಕಚೇರಿಗೆ ಓಡಿಸುವವರಿಗೆ: 95 ರಾನ್‌ಗೆ ಕಟ್ಟಿದ ಮ್ಯಾಪ್, ಕೆಳ ಆರ್‌ಪಿಎಂ ಟಾರ್ಕ್ ಮಿತಿ, ಎಸ್‌ಪಿ ಎಣ್ಣೆ, 20,000 ಕಿ.ಮೀ.ಗೊಮ್ಮೆ ಪ್ಲಗ್. ಬೇರೇನೂ ಬೇಡ. 100ರ ಮ್ಯಾಪ್ ಮಾಡಿಸಿ ತಿಂಗಳಿಗೆರಡು ಸಲ 91 ಹಾಕಿಸುವ ಕಾರಿಗಿಂತ ಇದು ಹೆಚ್ಚು ಕಾಲ ಬಾಳುತ್ತದೆ.

ವಾರಾಂತ್ಯಕ್ಕೆ ಘಾಟಿ ಹತ್ತಿ ಊರಿಗೆ ಹೋಗುವ ಸ್ಟೇಜ್ 2 ಕಾರಿಗೆ ಮೊದಲು ಇಂಟರ್‌ಕೂಲರ್ ಮತ್ತು ಸೋರಿಕೆ ಪರೀಕ್ಷೆ, ಆಮೇಲೆ ಎರಡು ಮ್ಯಾಪ್. ಒಂದು ದರ್ಜೆ ತಣ್ಣನೆಯ ಪ್ಲಗ್ ಜೊತೆಗಿರಲಿ. ನೀರಿನ ಕಿಟ್ ಕೊಳ್ಳುವ ಆಸೆ ಇದ್ದರೆ ಅದನ್ನು ಹೆಚ್ಚು ಬೂಸ್ಟ್‌ಗೆ ಬಳಸದೆ, ನೀರಿಲ್ಲದೆಯೂ ಸುರಕ್ಷಿತವಾಗಿರುವ ಮ್ಯಾಪ್‌ನ ಮೇಲೆ ಹೆಚ್ಚುವರಿ ತಂಪಾಗಿ ಬಳಸಿ. ಆಗ ಪಂಪ್ ಕೈಕೊಟ್ಟರೆ ಕಳೆದುಕೊಳ್ಳುವುದು ತಂಪನ್ನಷ್ಟೇ.

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗೋ ಹೋಗುವವರ ಲೆಕ್ಕ ಬೇರೆ. ಅಲ್ಲಿ ಒಂದು ಎಳೆತವಲ್ಲ, ಹದಿನೈದು ನಿಮಿಷ ಬಿಡುವಿಲ್ಲದ ಬಿಸಿ. ಟ್ಯೂಬ್-ಅಂಡ್-ಫಿನ್ ಇಂಟರ್‌ಕೂಲರ್, ಹರಿವು ಸೆನ್ಸರ್ ಮತ್ತು ಬೂಸ್ಟ್ ಕಡಿತ ಇರುವ ನೀರಿನ ವ್ಯವಸ್ಥೆ, 100 ರಾನ್ ಇಂಧನ ಮೂರೂ ಬೇಕು, ಆದರೆ ಮ್ಯಾಪ್ ಮಾತ್ರ ರಸ್ತೆಯದಕ್ಕಿಂತ 0.1 ಬಾರ್ ಕಡಿಮೆ ಬೂಸ್ಟ್‌ನದು. ಮೂರನೇ ಲ್ಯಾಪ್‌ನ ಲಾಗ್‌ನಲ್ಲಿ ಗಾಳಿ 60 ಡಿಗ್ರಿ ದಾಟಿದ್ದರೆ ಒಂದು ಲ್ಯಾಪ್ ಅರ್ಧ ಥ್ರಾಟಲ್‌ನಲ್ಲಿ ಸುತ್ತಿ. ಪಿಟ್‌ಗೆ ಬಂದ ಮೇಲೆ ಬಾನೆಟ್ ತೆರೆದು ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆರಿಸಿ. ಎಂಜಿನ್ ಪೂರ್ತಿ ಆರಿದ ಮೇಲೆ ಒಂದು ಪ್ಲಗ್ ಬಿಚ್ಚಿ ನೋಡಿ: ಪಿಂಗಾಣಿ ಬಿಸ್ಕತ್ತಿನ ಬಣ್ಣಕ್ಕಿದ್ದು ಚುಕ್ಕೆ ಇಲ್ಲದಿದ್ದರೆ ಮುಂದಿನ ಸೆಷನ್‌ಗೆ ಇಳಿಯಬಹುದು.